ಕಳಂಕ ಹೊತ್ತ ಸಾಹಿತಿಯ ಮೊಮ್ಮಕ್ಕಳಿಗೆ ಕೆಲವು ಕಿವಿಮಾತು

ಹಳೆಯ ಮನೆತನಗಳ ಕಾಗದಪತ್ರ ವಿಂಗಡಿಸಿ ಪಟ್ಟಿ ಮಾಡಿಕೊಡುವುದು ನನ್ನ ಕಸುಬು. ‘ನಮ್ಮ ಮುತ್ತಜ್ಜ ದೊಡ್ಡ ಸಾಹಿತಿ, ಆದರೆ...’ ಎಂದು ತಡವರಿಸುವವರಿಗೆ ನಾನು ಹತ್ತೊಂಬತ್ತನೇ ಶತಮಾನದ ಐರಿಷ್ ನಾಟಕಕಾರ ಆಸ್ಕರ್ ವೈಲ್ಡ್ ಮನೆಯ ಕಥೆ ಹೇಳುತ್ತೇನೆ. ಮಾಡಬೇಕಾದದ್ದು, ಮಾಡಬಾರದ್ದು ಎರಡೂ ಅಲ್ಲಿ ಸಿಗುತ್ತವೆ.

ಮೊದಲು ಮಕ್ಕಳಿಗೆ ನೀವೇ ವಿಷಯ ಹೇಳಿ. ಸಲಿಂಗ ಸಂಬಂಧದ ಆರೋಪದ ಮೇಲೆ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷಗಳ ಕಠಿಣ ಸಜೆಯಾಯಿತು. ಹೆಂಡತಿ ಕಾನ್‌ಸ್ಟನ್ಸ್ ಇಬ್ಬರು ಗಂಡುಮಕ್ಕಳ ಮನೆತನದ ಹೆಸರನ್ನು ಹಾಲೆಂಡ್ ಎಂದು ಬದಲಿಸಿ ಹೊರದೇಶದಲ್ಲಿ ಬೆಳೆಸಿದಳು. ಕಿರಿಯವನಾದ ವಿವಿಯನ್‌ಗೆ ಕಾರಣವನ್ನು ಯಾರೂ ಹೇಳಲಿಲ್ಲ. ಅಪ್ಪ ಎಂದೋ ತೀರಿಹೋಗಿದ್ದಾನೆಂದು ನಂಬಿದ್ದ ಹುಡುಗನಿಗೆ 1900ರಲ್ಲಿ ಸಾವಿನ ಸುದ್ದಿ ಬಂತು! ನೀವು ಮುಚ್ಚಿಟ್ಟರೆ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತ ಯಾವುದೋ ದೂರದ ಅತ್ತೆ ಹೋಳಿಗೆಯ ಜೊತೆಗೇ ಅದನ್ನೂ ಬಡಿಸುತ್ತಾರೆ.

ಮನೆತನದ ಹೆಸರನ್ನು ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮಿಷ್ಟ. ಮೊಮ್ಮಗ ಮರ್ಲಿನ್ ಹಾಲೆಂಡ್ ಬದುಕಿನ ಬಹುಪಾಲನ್ನು ಅಜ್ಜನ ಬರಹಗಳಿಗೇ ಕೊಟ್ಟರೂ ಹಾಲೆಂಡ್ ಆಗಿಯೇ ಉಳಿದಿದ್ದಾರೆ.

ಇನ್ನು ಟ್ರಂಕು. ಸುಡಬೇಡಿ. ‘ಒಳ್ಳೆಯ’ ಪತ್ರಗಳನ್ನಷ್ಟೇ ಆರಿಸಿ ಯಾರಿಗೂ ಕೊಡಲೂಬೇಡಿ. ಪ್ರತಿ ಹಾಳೆಗೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ, ಸ್ಕ್ಯಾನ್ ಮಾಡಿಸಿ, ಓದುವುದು ಆಮೇಲೆ. ವೈಲ್ಡ್ ಸೆರೆಮನೆಯಿಂದ ಬರೆದ ದೀರ್ಘ ಪತ್ರದ ಪಾಡು ನೋಡಿ. ಗೆಳೆಯ ರಾಬರ್ಟ್ ರಾಸ್ 1905ರಲ್ಲಿ ಅದನ್ನು ಕತ್ತರಿಸಿ ಅಚ್ಚು ಹಾಕಿಸಿದ. 1909ರಲ್ಲಿ ಮೂಲಪ್ರತಿಯನ್ನು ಐವತ್ತು ವರ್ಷ ತೆರೆಯಬಾರದೆಂಬ ಷರತ್ತಿನೊಂದಿಗೆ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ. 1913ರಲ್ಲಿ ಒಂದು ಮಾನನಷ್ಟ ಮೊಕದ್ದಮೆಗಾಗಿ ಅದೇ ಪ್ರತಿ ನ್ಯಾಯಾಲಯಕ್ಕೆ ಬಂತು. ವೈಲ್ಡ್ ಆ ಪತ್ರವನ್ನು ಯಾರಿಗೆ ಬರೆದಿದ್ದನೋ ಆ ಗೆಳೆಯ ಆಲ್ಫ್ರೆಡ್ ಡಗ್ಲಸ್ ಹೂಡಿದ ಮೊಕದ್ದಮೆಯಲ್ಲಿಯೇ ಅದನ್ನು ಓದಲಾಯಿತು. 1949ರಲ್ಲಿ ವಿವಿಯನ್ ಪ್ರಕಟಿಸಿದ್ದು ಟೈಪ್ ಪ್ರತಿಯಿಂದ, ಅದರ ತಪ್ಪುಗಳ ಸಮೇತ. ಸರಿಯಾದ ಪಾಠ ಓದುಗರ ಕೈಸೇರಿದ್ದು 1962ರಲ್ಲಿ. ಗಡುವು ಹಾಕುವುದಾದರೆ ಹಾಕಿ, ಆದರೆ ಕೋರ್ಟು ಅದಕ್ಕೆ ಸೊಪ್ಪು ಹಾಕದು ಎಂಬುದು ಗೊತ್ತಿರಲಿ.

ಹಕ್ಕಿನ ವಿಷಯ ಚಿಕ್ಕದು. ಭಾರತದಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಕೃತಿಸ್ವಾಮ್ಯ ಅವರು ತೀರಿಹೋದ ಮೇಲೆ ಅರವತ್ತು ವರ್ಷ ಇರುತ್ತದೆ. ಆಮೇಲೆ ನಾಟಕದ ತಂಡಗಳ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ.

ಕಷ್ಟದ ಕೆಲಸವೆಂದರೆ ಹಿರಿಯರನ್ನು ತೊಳೆದು ಮಡಿ ಮಾಡುವ ಆಸೆ ಬಿಡುವುದು. ಸಜೆಗೆ ಮುಂಚೆ ವೈಲ್ಡ್ ತಾನೇ ಹೂಡಿದ್ದ ಮಾನನಷ್ಟ ಮೊಕದ್ದಮೆಯ ವಿಚಾರಣೆಯ ಪೂರ್ಣ ದಾಖಲೆಯನ್ನು ಮರ್ಲಿನ್ 2003ರಲ್ಲಿ ಪ್ರಕಟಿಸಿದರು, ಅದನ್ನು ಓದಿದರೆ ನನ್ನ ಮಾತು ತಿಳಿಯುತ್ತದೆ. ತನ್ನ ವಯಸ್ಸು ಮೂವತ್ತೊಂಬತ್ತು ಎಂದು ವೈಲ್ಡ್ ಪ್ರಮಾಣ ಮಾಡಿ ಹೇಳುತ್ತಾನೆ. ಎದುರು ಪಕ್ಷದ ವಕೀಲ ಕಾರ್ಸನ್ ಜನ್ಮದಿನಾಂಕ ಹಿಡಿದು, ನಲವತ್ತು ಆಗಲೇ ದಾಟಿದೆ ಎಂದು ತೋರಿಸುತ್ತಾನೆ. ಅಜ್ಜನ ಈ ಸಣ್ಣ ಸುಳ್ಳನ್ನು ಮೊಮ್ಮಗ ಕತ್ತರಿಸಲಿಲ್ಲ. ಕಾನೂನೇ ಅನ್ಯಾಯದ್ದಾಗಿದ್ದರೆ ಎದೆ ತಟ್ಟಿ ಹಾಗೆಂದು ಹೇಳಿ. ನಿಮ್ಮ ಹಿರಿಯರು ಇನ್ನೊಬ್ಬರ ಬರಹ ಕದ್ದಿದ್ದರೆ, ಯಾರನ್ನಾದರೂ ಹಾಳು ಮಾಡಿದ್ದರೆ ಮಾತ್ರ ವೈಲ್ಡ್‌ನನ್ನು ಅಡ್ಡ ತರಬೇಡಿ. ಆ ಕಡೆಯ ಮೊಮ್ಮಕ್ಕಳೂ ಸಭೆಯಲ್ಲಿ ಕುಳಿತಿರಬಹುದು.

ಕೊನೆಗೊಂದು ದಿನ ಶಾಲು, ಹಣ್ಣಿನ ಬುಟ್ಟಿ ಬರುತ್ತವೆ. ಹೋಗಿ, ಆದರೆ ಒಪ್ಪುವ ಮೊದಲು ‘ಏನನ್ನು ಹಿಂದಿರುಗಿಸುತ್ತೀರಿ?’ ಎಂದು ಕೇಳಿ. 1895ರಲ್ಲಿ ವೈಲ್ಡ್‌ನ ಓದುಕೋಣೆಯ ಕಾರ್ಡನ್ನು ಬ್ರಿಟಿಷ್ ಮ್ಯೂಸಿಯಂ ರದ್ದು ಮಾಡಿತ್ತು. 2025ರಲ್ಲಿ ಆ ಮ್ಯೂಸಿಯಂನ ಗ್ರಂಥಾಲಯದ ವಾರಸುದಾರನಾದ ಬ್ರಿಟಿಷ್ ಲೈಬ್ರರಿ ಅವನ ಹೆಸರಿಗೆ ಹೊಸ ಕಾರ್ಡು ಮಾಡಿ ಮರ್ಲಿನ್ ಕೈಗೆ ಕೊಟ್ಟಿತು. ನಿಮ್ಮವರ ಪಾಲಿಗೆ ಅದು ಕಿತ್ತುಕೊಂಡ ಬಿರುದಾಗಿರಬಹುದು, ಪಠ್ಯದಿಂದ ತೆಗೆದ ಪದ್ಯವಾಗಿರಬಹುದು. ಭಾಷಣ ಐದು ನಿಮಿಷ ಮೀರದಿರಲಿ. ‘ನೀವೂ ಬರೆಯುತ್ತೀರಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಬರೆಯುತ್ತಿದ್ದರೂ ಆ ದಿನದ ಮಟ್ಟಿಗೆ ಇಲ್ಲವೆನ್ನಿ.