ಘಟ್ಟ ಹತ್ತಿ ಬಂದ ನಕ್ಷೆ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಾನು ಪ್ರೋಸೆಸ್ ಎಂಜಿನಿಯರ್ ಆಗಿ ಮುಂದೆ ನಿಂತು ಕಟ್ಟಿಸಿದ ಮೊದಲ ಘಟಕದ ನಕ್ಷೆಗಳು ಕರಾವಳಿಯಿಂದ ಬಂದಿದ್ದವು. ಔಷಧ ತಯಾರಿಕೆಗೆ ಬೇಕಾಗುವ ರಾಸಾಯನಿಕವೊಂದನ್ನು ಮಾಡುವ ಘಟಕ ಅಲ್ಲಿ ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿದ್ದುದರಿಂದ, ಅದನ್ನೇ ಹಾಗೆಯೇ ಇಲ್ಲಿಯೂ ನಿಲ್ಲಿಸಬೇಕೆಂದು ಆಡಳಿತ ತೀರ್ಮಾನಿಸಿತ್ತು.

ಸಾಮಾನ್ಯವಾಗಿ ಇಂಥ ಘಟಕದ ವಿನ್ಯಾಸದಲ್ಲಿ ಮೊದಲು ಬರುವುದು ದ್ರವ್ಯದ ಲೆಕ್ಕ: ಒಂದು ಬ್ಯಾಚಿಗೆ ಏನೇನು ಎಷ್ಟು ಕಿಲೋ ಒಳಗೆ ಹೋಗುತ್ತದೆ, ಎಷ್ಟು ಹೊರಗೆ ಬರುತ್ತದೆ ಎಂಬುದು. ಅನಂತರ ಶಾಖದ ಲೆಕ್ಕ, ಅದರಿಂದ ರಿಯಾಕ್ಟರ್, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್, ಬಾಯ್ಲರ್‌ಗಳ ಗಾತ್ರ, ಕೊನೆಗೆ ಪ್ರತಿಯೊಂದು ಪೈಪು, ವಾಲ್ವು, ಗೇಜುಗಳನ್ನು ತೋರಿಸುವ ದೊಡ್ಡ ನಕ್ಷೆ. ನಮಗೆ ಇವೆಲ್ಲವೂ ಸಿದ್ಧವಾಗಿಯೇ ಸಿಕ್ಕಿದ್ದವು. ನಾನು ಪ್ರತಿ ಹಾಳೆಯನ್ನೂ ಲೆಕ್ಕ ಹಾಕಿ ತಾಳೆ ನೋಡಿದೆ. ಆದರೆ ಮೊದಲ ಪುಟದಲ್ಲಿದ್ದ ‘ವಾಯುಭಾರ: 760 ಮಿ.ಮೀ. ಪಾದರಸ’ ಎಂಬ ಸಾಲನ್ನು ಓದಿಯೂ ಮುಂದಕ್ಕೆ ಹೋದೆ. ಆ ಅಂಕಿ ಸಮುದ್ರ ಮಟ್ಟದ್ದು. ಹಾಸನ ಸಮುದ್ರ ಮಟ್ಟಕ್ಕಿಂತ 950 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ ಸುಮಾರು 677 ಮಿ.ಮೀ. ಮಾತ್ರ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ಮೊದಲ ಬ್ಯಾಚಿನಲ್ಲೇ ಪೆಟ್ಟು ಬಿತ್ತು. ನಮ್ಮ ಪದಾರ್ಥ ಹೆಚ್ಚು ಬಿಸಿಯನ್ನು ತಡೆಯುವುದಿಲ್ಲವಾದ್ದರಿಂದ ಅದರಲ್ಲಿರುವ ಟಾಲ್ಯೂಯಿನ್ ದ್ರಾವಕವನ್ನು ವ್ಯಾಕ್ಯೂಮಿನಲ್ಲಿ, ಅಂದರೆ ಒಳಗಿನ ಒತ್ತಡ ತಗ್ಗಿಸಿ ಕಡಿಮೆ ಬಿಸಿಯಲ್ಲೇ, ಬಟ್ಟಿ ಇಳಿಸಿ ತೆಗೆಯಬೇಕು. ವ್ಯಾಕ್ಯೂಮ್ ಗೇಜು 700 ಮಿ.ಮೀ. ತೋರಿಸಿದ ಮೇಲಷ್ಟೇ ರಿಯಾಕ್ಟರಿನ ಹೊರಕವಚವಾದ ಜಾಕೆಟ್ಟಿಗೆ ಬಿಸಿನೀರು ಬಿಡಬೇಕು ಎಂದು ಕರಾವಳಿಯ ಕಾರ್ಯವಿಧಾನದಲ್ಲಿ ಬರೆದಿತ್ತು. ಇಲ್ಲಿ ಮುಳ್ಳು 630ರ ಹತ್ತಿರ ಬಂದು ನಿಂತುಬಿಟ್ಟಿತು. ಎರಡು ಶಿಫ್ಟಿನವರು ಗ್ಯಾಸ್ಕೆಟ್ ಬದಲಿಸಿದರು, ಫ್ಲೇಂಜುಗಳ ಬೋಲ್ಟು ಬಿಗಿದರು, ವ್ಯಾಕ್ಯೂಮ್ ಪಂಪನ್ನೇ ಬಿಚ್ಚಿ ನೋಡಿದರು. ಹಿರಿಯ ಆಪರೇಟರೊಬ್ಬರು ಬೆಳಗಿನ ಜಾವ ಬಂದು, “ಸಾರ್, ನೈಟ್ರೋಜನ್ ಏರಿಸಿ ಒಂದೊಂದು ಜಾಯಿಂಟಿಗೂ ಸೋಪು ನೀರು ಹಾಕಿ ನೋಡಾಯ್ತು, ಎಲ್ಲೂ ಒಂದು ಗುಳ್ಳೆ ಏಳ್ತಿಲ್ಲ. ಇನ್ನೆಲ್ಲಿ ಹುಡುಕೋಣ ಹೇಳಿ” ಎಂದರು. ಆ ಮನುಷ್ಯ ರಾತ್ರಿಯಿಡೀ ಏಣಿಯ ಮೇಲೆ ನಿಂತಿದ್ದರು. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಸಾಮಾನ್ಯ ವ್ಯಾಕ್ಯೂಮ್ ಗೇಜು ಒಳಗಿನ ಒತ್ತಡವನ್ನು ನೇರವಾಗಿ ಹೇಳುವುದಿಲ್ಲ, ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆಯಿದೆ ಎಂಬುದನ್ನಷ್ಟೇ ಹೇಳುತ್ತದೆ. ಕರಾವಳಿಯಲ್ಲಿ 700 ಎಂದರೆ ಒಳಗೆ ಉಳಿದಿರುವುದು 60 ಮಿ.ಮೀ.; ಅದೇ 60 ಇಲ್ಲಿ ಬೇಕಿದ್ದರೆ ಗೇಜು 617 ತೋರಿಸಿದರೆ ಸಾಕು. ಹಾಸನದಲ್ಲಿ ಒಟ್ಟು ಇರುವುದೇ 677 ಆಗಿರುವಾಗ ಯಾವ ಪಂಪು ತಂದರೂ 700 ಬರಲಾರದು. ನಾನು 700ರ ಷರತ್ತನ್ನು ಪಕ್ಕಕ್ಕಿಟ್ಟು ಬಿಸಿನೀರು ಬಿಡಿಸಿದೆ, 617ರಲ್ಲಿ ನಿಲ್ಲಿಸಿಕೊಂಡು ಆವಿಯ ಥರ್ಮಾಮೀಟರನ್ನೇ ನೋಡುತ್ತಾ ಕುಳಿತೆ. ಮುಳ್ಳು ಏರುತ್ತಾ ಬಂದು 40 ಡಿಗ್ರಿಯಲ್ಲಿ ನಿಂತಿತು, ನೋಟಗಾಜಿನಲ್ಲಿ ಟಾಲ್ಯೂಯಿನ್ ಹನಿ ಹನಿಯಾಗಿ ಇಳಿಯತೊಡಗಿತು. 60 ಮಿ.ಮೀ. ಒತ್ತಡದಲ್ಲಿ ಟಾಲ್ಯೂಯಿನ್ ಕುದಿಯುವುದು ಸರಿಸುಮಾರು ಅದೇ 40 ಡಿಗ್ರಿಯಲ್ಲಿ.

ಬಾಯ್ಲರಿನ ನೀರಿನ ಪಂಪಿನ ತೊಂದರೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಹಬೆಯಿಂದ ಬಿಸಿಯಾಗುವ ಜಾಕೆಟ್ಟುಗಳಿಂದ ಮರಳುವ ಬಿಸಿ ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ನೀರು, ತೆರೆದ ಟ್ಯಾಂಕಿಗೆ ಬಂದು, ಅಲ್ಲಿಂದ ಸುಮಾರು 90 ಡಿಗ್ರಿಯಲ್ಲಿ ಪಂಪಿಗೆ ಇಳಿಯುತ್ತಿತ್ತು. ಪಂಪಿನ ಬಾಯಿಯವರೆಗೆ ನೀರು ಆವಿಯಾಗದೆ ನೀರಾಗಿಯೇ ಉಳಿಯಬೇಕಾದರೆ ಅದರ ಮೇಲೆ ಸಾಕಷ್ಟು ಒತ್ತಡವಿರಬೇಕು. 90 ಡಿಗ್ರಿಯ ನೀರಿನ ಆವಿಯ ಒತ್ತಡ 70 ಕಿಲೋಪಾಸ್ಕಲ್. ಅದನ್ನು ಕರಾವಳಿಯ ವಾಯುಭಾರವಾದ 101ರಿಂದ ಕಳೆದರೆ ಸುಮಾರು 3.3 ಮೀಟರ್ ನೀರಿನ ಎತ್ತರದಷ್ಟು ಒತ್ತಡ ಮಿಗುತ್ತದೆ. ಹಾಸನದ 90ರಿಂದ ಕಳೆದರೆ ಮಿಗುವುದು 2.1 ಮೀಟರ್ ಮಾತ್ರ. ನಮ್ಮ ಪಂಪಿಗೆ ಬೇಕಿದ್ದದ್ದು 2.8. ಟ್ಯಾಂಕಿನ ಎತ್ತರದಿಂದ ಒಂದು ಮೀಟರ್ ಸೇರುತ್ತಿತ್ತಾದರೂ, ಪೈಪಿನ ಘರ್ಷಣೆ ಹೆಚ್ಚುಕಡಿಮೆ ಅಷ್ಟನ್ನೂ ತಿಂದುಹಾಕುತ್ತಿತ್ತು.

ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದಂಥ ಸದ್ದು ಮೊದಲ ವಾರದಿಂದಲೇ ಇತ್ತು. ಬೇರಿಂಗಿನ ದೋಷವೆಂದು ಬೇರಿಂಗ್ ಬದಲಿಸಿದೆವು, ಸದ್ದು ನಿಲ್ಲಲಿಲ್ಲ. ಮೂರು ತಿಂಗಳಿಗೆ ಬಿಚ್ಚಿದಾಗ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರಿನ ಅಂಚುಗಳು ಗೆದ್ದಲು ತಿಂದ ಹಲಗೆಯಂತೆ ತೂತುತೂತಾಗಿದ್ದವು. ಬೆರಳಿನಿಂದ ಸವರಿದರೆ ಚರ್ಮ ಸಿಕ್ಕಿಕೊಳ್ಳುವಷ್ಟು ಒರಟು. ನೀರಿನೊಳಗೆ ಹುಟ್ಟಿದ ಆವಿಯ ಗುಳ್ಳೆಗಳು ಲೋಹದ ಮೈಮೇಲೆ ಒಡೆಯುತ್ತಾ ಅದನ್ನು ಕೆತ್ತಿಹಾಕಿದ್ದವು. ಟ್ಯಾಂಕನ್ನು ಒಂದೂವರೆ ಮೀಟರ್ ಮೇಲಕ್ಕೆ ಎತ್ತಿಸಿ, ಪಂಪಿನ ಒಳಹರಿವಿನ ಪೈಪನ್ನು ದಪ್ಪ ಮಾಡಿ, ಮೂರು ಬಾಗುಗಳನ್ನು ತೆಗೆಸಿದ ದಿನವೇ ಸದ್ದು ನಿಂತಿತು.

ಕಟ್ಟುವ ಮೊದಲು ನಾವು ಹ್ಯಾಝಾಪ್ ಎಂಬ ಅಪಾಯ ಪರಿಶೀಲನೆಯನ್ನೂ ಮಾಡಿದ್ದೆವು. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರೂಪುಗೊಂಡ ಈ ಕ್ರಮದಲ್ಲಿ ನಕ್ಷೆಯ ಒಂದೊಂದು ಗೆರೆಯನ್ನೂ ಹಿಡಿದು, ಹರಿವು ಇಲ್ಲದಿದ್ದರೆ, ಕಡಿಮೆಯಾದರೆ, ಹಿಂದಕ್ಕೆ ಹರಿದರೆ ಏನಾಗುತ್ತದೆ ಎಂದು ಎಲ್ಲರೂ ಕುಳಿತು ಕೇಳುತ್ತಾರೆ. ಇದೇ ಪಂಪಿನ ಗೆರೆಗೆ ಬಂದಾಗ ‘ಹರಿವು ಕಡಿಮೆಯಾಗಲು ಕಾರಣ’ ಎಂಬಲ್ಲಿ ‘ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಕಟ್ಟಿಕೊಳ್ಳುವುದು’ ಎಂದು ನಾನೇ ಬರೆಸಿ ಮುಂದಿನ ಗೆರೆಗೆ ಹೋಗಿದ್ದೆ. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಎತ್ತರದಿಂದ ಎಲ್ಲವೂ ನಷ್ಟವೆಂದಲ್ಲ. ಇಲ್ಲಿಯ ಗಾಳಿಯಲ್ಲಿ ಕರಾವಳಿಯಷ್ಟು ತೇವವಿಲ್ಲದ್ದರಿಂದ ಕೂಲಿಂಗ್ ಟವರಿನ ನೀರು ಅಲ್ಲಿಗಿಂತ ತಣ್ಣಗೆ ಬರುತ್ತದೆ, ಕಂಡೆನ್ಸರುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಬಾಯ್ಲರಿನ ಫ್ಯಾನಿಗೆ ಮಾತ್ರ ತೆಳುವಾದ ಗಾಳಿಯ ಲೆಕ್ಕವನ್ನು ಮತ್ತೆ ಹಾಕಬೇಕಾಯಿತು.

ಈಗ ನಮ್ಮಲ್ಲಿ ಕಾರ್ಯವಿಧಾನಗಳಲ್ಲೆಲ್ಲ ನಿಜವಾದ ಒಳ ಒತ್ತಡವನ್ನೇ ಬರೆಯುತ್ತೇವೆ, ವ್ಯಾಕ್ಯೂಮ್ ಲೈನಿಗೆ ಅದನ್ನೇ ತೋರಿಸುವ ಗೇಜು ಹಾಕಿಸಿದ್ದೇವೆ. ಹಳೆಯ ಗೇಜನ್ನು ತೆಗೆಸಲಿಲ್ಲ. ಆ ಹಿರಿಯ ಆಪರೇಟರು ಅದರ ಗಾಜಿನ ಮೇಲೆ 617ರ ನೇರಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ.