ಹಾಡು ಮೊದಲೋ, ವಿಚಾರ ಮೊದಲೋ: ಪಿಂಕ್ ಫ್ಲಾಯ್ಡ್ ಪುಸ್ತಕಗಳನ್ನು ನಾನು ಓದಿದ ಬಗೆ

ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ಹೆಚ್ಚಿನವು ಹೇಳುವುದು ಒಂದೇ ಕಥೆಯನ್ನು: ಕೇಂಬ್ರಿಜ್‌ನ ಹುಡುಗರು, ಲಂಡನ್ನಿನ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಗೆಳೆಯರು, ಮೊದಲ ದಿನಗಳಲ್ಲಿ ತಂಡದ ಹಾಡುಗಾರರಾಗಿದ್ದ ಸಿಡ್ ಬ್ಯಾರೆಟ್ ಎಂಬ ಪ್ರತಿಭಾವಂತರ ಮನಸ್ಸು ಕದಡಿದ್ದು, ಆಮೇಲೆ ಕೀರ್ತಿ, ಹಣ, ಜಗಳ, ನ್ಯಾಯಾಲಯ. ಈ ಕಥೆಯನ್ನು ಒಮ್ಮೆ ಓದಿದರೆ ಸಾಕು. ನನಗೆ ಬೇಕಾಗಿದ್ದದ್ದು ಬೇರೆ. ಒಂದು ಇಡೀ ಆಲ್ಬಮ್ ಒಂದೇ ವಿಚಾರದ ಸುತ್ತ ಹೆಣೆದುಕೊಳ್ಳುವುದು ಹೇಗೆ? ವಿಚಾರ ಮೊದಲು ಹುಟ್ಟಿ ಹಾಡುಗಳು ಅದರ ಬೆನ್ನಿಗೆ ಬಂದವೋ, ಹಾಡುಗಳು ಇದ್ದು ವಿಚಾರ ಆಮೇಲೆ ಬಂದು ಅವನ್ನು ಒಟ್ಟುಗೂಡಿಸಿತೋ? ಈ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು, ಪುಸ್ತಕಗಳನ್ನು ಆಲ್ಬಮ್‌ಗಳ ಪಕ್ಕದಲ್ಲಿಟ್ಟು ಓದುತ್ತಾ ಬಂದಿದ್ದೇನೆ. ಅದರಿಂದ ನಾನು ಸಂಗೀತ ಕೇಳುವ ರೀತಿಯೇ ಬದಲಾಗಿದೆ.

ಪುಸ್ತಕಗಳನ್ನು ಕೂಡಿಸಿದ್ದು ನಿಧಾನವಾಗಿ. ಹೊಸ ಪ್ರತಿಗಳ ಬೆಲೆ ಹೆಚ್ಚು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದೊಂದಾಗಿ ಸಿಕ್ಕವು. ಈ ಊರಿನಲ್ಲಿ ಫ್ಲಾಯ್ಡ್ ಕೇಳುಗರಿಗೆ ಎಂದೂ ಬರವಿರಲಿಲ್ಲ. 2002ರ ಏಪ್ರಿಲ್‌ನಲ್ಲಿ, ತಂಡದ ಬಾಸ್ ಗಿಟಾರ್ ವಾದಕರೂ ಗೀತರಚನೆಕಾರರೂ ಆಗಿದ್ದ ರೋಜರ್ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಿದ್ದನ್ನು ಇವತ್ತಿಗೂ ನೆನೆಯುವವರಿದ್ದಾರೆ. ಹಾಗಾಗಿ ಒಬ್ಬರು ಓದಿ ಬಿಟ್ಟ ಪುಸ್ತಕ ಇನ್ನೊಬ್ಬರ ಕೈಗೆ ಬರುವುದು ಅಪರೂಪವೇನಲ್ಲ.

ನನ್ನ ಮೇಜಿನ ಮೇಲೆ ಸದಾ ಇರುವವು ಕೆಲವೇ. ಡ್ರಮ್ಮರ್ ನಿಕ್ ಮೇಸನ್ ಬರೆದ 'ಇನ್‌ಸೈಡ್ ಔಟ್' 2004ರದ್ದು. ತಂಡದ ಮೊದಲ ದಿನದಿಂದ ಕೊನೆಯವರೆಗೂ ಎಲ್ಲ ಆಲ್ಬಮ್‌ಗಳಲ್ಲೂ ಇದ್ದ ಸದಸ್ಯರು ಇವರೊಬ್ಬರೇ. ಮಾರ್ಕ್ ಬ್ಲೇಕ್ ಅವರ 'ಪಿಗ್ಸ್ ಮೈಟ್ ಫ್ಲೈ' 2007ರದ್ದು. ಹೊರಗಿನವರೊಬ್ಬರು ಎಲ್ಲ ಕಡೆಯವರನ್ನೂ ಮಾತಾಡಿಸಿ ಬರೆದ ಜೀವನಚರಿತ್ರೆ. ಗ್ಲೆನ್ ಪೋವಿ ಅವರ 'ಎಕೋಸ್' ಎಂಬ ದಪ್ಪ ಪುಸ್ತಕ ಕಛೇರಿಗಳ ದಿನಚರಿಯಂತೆ ಇದೆ: ಯಾವ ದಿನ, ಯಾವ ಊರು, ಏನೇನು ನುಡಿಸಿದರು. ನಿಕೋಲಸ್ ಶಾಫ್ನರ್ ಅವರ 'ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' 1991ರದ್ದು. ಒಂದೇ ಆಲ್ಬಮ್ ಕುರಿತು ಜಾನ್ ಹ್ಯಾರಿಸ್ ಬರೆದ ಪುಸ್ತಕವೂ ಇದೆ. ಹಾಡಿನ ಸಾಲುಸಾಲಿಗೂ ಗೂಢಾರ್ಥ ಬಿಡಿಸುವ ಪುಸ್ತಕಗಳನ್ನು ಮಾತ್ರ ನಾನು ದೂರ ಇಟ್ಟಿದ್ದೇನೆ. ಅವು ಕೇಳುವ ಕಿವಿಯನ್ನು ಮುಚ್ಚಿಸುತ್ತವೆ.

ಓದುವ ಕ್ರಮ ಹೀಗೆ. ಮೊದಲು ಆಲ್ಬಮ್ಮನ್ನು ಇಡಿಯಾಗಿ, ಎಲ್‌ಪಿ ರೆಕಾರ್ಡಿನ ಎರಡು ಬದಿಗಳ ನಡುವೆ ಒಂದು ಬಿಡುವು ಕೊಟ್ಟು ಕೇಳುತ್ತೇನೆ. ಮೊಬೈಲ್‌ನಲ್ಲಿ ಕೇಳುವಾಗಲೂ ಆ ಬಿಡುವು ಬೇಕೇ ಬೇಕು, ಏಕೆಂದರೆ ಇವರು ಹಾಡುಗಳ ಸಾಲನ್ನು ಜೋಡಿಸಿದ್ದೇ ಬದಿ ತಿರುವಿ ಹಾಕುವ ಕೈಯನ್ನು ಲೆಕ್ಕಕ್ಕಿಟ್ಟುಕೊಂಡು. ಆಮೇಲೆ ಪೋವಿಯವರ ದಿನಾಂಕಗಳು, ನಂತರ ಬ್ಲೇಕ್, ಕೊನೆಗೆ ಮೇಸನ್. ಆ ಆಲ್ಬಮ್‌ಗೆ ಸಂಬಂಧಿಸಿದ ಅಧ್ಯಾಯವನ್ನಷ್ಟೇ ಓದಿ ಪುಸ್ತಕ ಮುಚ್ಚಿ ಮತ್ತೆ ಕೇಳುತ್ತೇನೆ. ಪಕ್ಕದಲ್ಲಿ ಒಂದು ಗೆರೆಪುಸ್ತಕ, ಹಾಡಿಗೊಂದು ಹಾಳೆ. ಈ ಹಾಡನ್ನು ಮೊದಲು ಯಾವ ಹೆಸರಿನಲ್ಲಿ ನುಡಿಸಿದರು, ಸಾಹಿತ್ಯ ಯಾವಾಗ ಸೇರಿತು, ಧ್ವನಿಮುದ್ರಣ ಯಾವಾಗ ಆಯಿತು, ಇದನ್ನೆಲ್ಲ ಹೇಳಿದವರು ಯಾರು, ಯಾವ ವರ್ಷ ಹೇಳಿದರು.

ಆ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ವಾಟರ್ಸ್ 1985ರಲ್ಲಿ ತಂಡ ಬಿಟ್ಟರು. ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ನಡೆಯಿತು. 1975ರಲ್ಲಿ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಆಡಿದ ಮಾತಿಗೂ ವ್ಯಾಜ್ಯದ ಬಿಸಿ ಆರುವ ಮುನ್ನ ಆಡಿದ ಮಾತಿಗೂ ತೂಕ ಬೇರೆ. ಶಾಫ್ನರ್ ಅವರ ಪುಸ್ತಕದಲ್ಲಿ ಆ ಬಿಸಿ ಇನ್ನೂ ಕಾಣುತ್ತದೆ. ಮೇಸನ್ ಬರೆಯುವ ಹೊತ್ತಿಗೆ ಅದು ತಣ್ಣಗಾಗಿತ್ತು. ಒಂದು ಹಾಡನ್ನು ಯಾರು ಕಟ್ಟಿದರು ಎಂಬ ಮಾತಿನ ಪಕ್ಕದಲ್ಲಿ ವರ್ಷ ಬರೆದಿಟ್ಟರೆ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ.

'ದ ಡಾರ್ಕ್ ಸೈಡ್ ಆಫ್ ದ ಮೂನ್' ಹಾಳೆಗಳನ್ನು ತುಂಬುವಾಗಲೇ ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು. ಈ ಆಲ್ಬಮ್ ಹೊರಬಂದದ್ದು 1973ರ ಮಾರ್ಚ್‌ನಲ್ಲಿ. ಆದರೆ 1972ರ ಜನವರಿಯಲ್ಲೇ ಬ್ರೈಟನ್ ವೇದಿಕೆಯ ಮೇಲೆ ಇದನ್ನು ನುಡಿಸಲು ಹೊರಟಿದ್ದರು. 'ಮನಿ' ಹಾಡಿನ ಹೊತ್ತಿಗೆ ಟೇಪ್ ಕೈಕೊಟ್ಟು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಂದರೆ ಸ್ಟುಡಿಯೊಗೆ ಹೋಗುವ ಮುನ್ನವೇ ಕೃತಿಯೊಂದು ಜನರ ಮುಂದೆ ಬೆಳೆಯುತ್ತಿತ್ತು. ಮನುಷ್ಯನನ್ನು ಹಣ್ಣುಮಾಡುವ ಒತ್ತಡಗಳು, ಅಂದರೆ ಕಾಲ, ಹಣ, ಪ್ರಯಾಣ, ಸಾವು, ಹುಚ್ಚು, ಇವನ್ನೇ ವಿಷಯ ಮಾಡೋಣ ಎಂದು ವಾಟರ್ಸ್ ಸೂಚಿಸಿದ್ದು 1971ರ ಕೊನೆಯಲ್ಲಿ. ಆದರೆ ಹಾಳೆಗಳನ್ನು ನೋಡಿ. 'ಅಸ್ ಅಂಡ್ ದೆಮ್' ಹಾಡಿನ ಪಿಯಾನೊ ಅದಕ್ಕೂ ಹಿಂದಿನದು: ಆಂಟೊನಿಯೊನಿ ಅವರ 'ಝಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆಂದು ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಕಟ್ಟಿದ್ದು, ನಿರ್ದೇಶಕರು ಬೇಡವೆಂದು ಬಿಟ್ಟದ್ದು. ಕೊನೆಯ ಹಾಡು 'ಎಕ್ಲಿಪ್ಸ್' ಪ್ರವಾಸ ಆರಂಭವಾದ ಮೇಲೆ, ಕೃತಿಗೊಂದು ಮುಕ್ತಾಯ ಬೇಕೆನಿಸಿ ಸೇರಿಸಿದ್ದು. 'ಆನ್ ದ ರನ್' ವೇದಿಕೆಯ ಮೇಲೆ ಗಿಟಾರ್ ಮತ್ತು ಕೀಬೋರ್ಡ್‌ಗಳ ನುಡಿಸಾಟವಾಗಿತ್ತು. ಸಿಂಥಸೈಜರ್ ಕೈಗೆ ಸಿಕ್ಕ ಮೇಲೆ ಪೂರ್ತಿ ಬೇರೆಯಾಯಿತು.

ಇನ್ನು ಆಲ್ಬಮ್ ಉದ್ದಕ್ಕೂ ಕೇಳಿಸುವ ಆ ಮಾತಿನ ದನಿಗಳು. ಧ್ವನಿಮುದ್ರಣ ಮುಗಿಯುವ ಹಂತದಲ್ಲಿ ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆಗಳನ್ನು ಬರೆದರು. ಸಾವಿಗೆ ಹೆದರುತ್ತೀರಾ, ಕೊನೆಯ ಬಾರಿ ಯಾರ ಮೇಲಾದರೂ ಕೈಮಾಡಿದ್ದು ಯಾವಾಗ, ಆಗ ನ್ಯಾಯ ನಿಮ್ಮ ಕಡೆ ಇತ್ತೇ ಎಂಬಂಥವು. ತಂಡದ ಸಾಮಾನು ಹೊರುವವರು, ಅಬ್ಬೆ ರೋಡ್ ಸ್ಟುಡಿಯೊದ ಬಾಗಿಲು ಕಾಯುತ್ತಿದ್ದ ಜೆರಿ ಓ'ಡ್ರಿಸ್ಕಾಲ್, ಎಲ್ಲರನ್ನೂ ಮೈಕಿನ ಮುಂದೆ ಕೂರಿಸಿ ಉತ್ತರ ಪಡೆದರು. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಪಾಲ್ ಮೆಕಾರ್ಟ್ನಿ ಅವರನ್ನೂ ಕೇಳಿದರು. ಅವರ ಉತ್ತರ ತೀರಾ ಎಚ್ಚರದ್ದಾಗಿತ್ತೆಂದು ಬಳಸಲಿಲ್ಲ. ಆಲ್ಬಮ್‌ನಲ್ಲಿ ಕೊನೆಗೆ ಕೇಳಿಸುವ ದನಿ ಆ ಬಾಗಿಲು ಕಾಯುವವರದು. ಈ ದನಿಗಳಿಲ್ಲದೆ ಆಲ್ಬಮ್ಮನ್ನು ಊಹಿಸಿಕೊಳ್ಳಲು ನನಗೆ ಆಗುವುದಿಲ್ಲ. ಎಲ್ಲ ಹಾಡುಗಳೂ ಒಂದೇ ವಿಷಯವನ್ನು ಹೇಳುತ್ತಿವೆ ಎಂಬ ಭಾವ ಬರುವುದೇ ಅವುಗಳಿಂದ. ಅಂಥವು ಬಂದದ್ದು ಎಲ್ಲಕ್ಕಿಂತ ಕೊನೆಗೆ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಹಾಡಿನಲ್ಲಿರುವ ಗಾಯಕಿ ಕ್ಲೇರ್ ಟೋರಿ ಅವರ ಪದವಿಲ್ಲದ ಗಾಯನವೂ 1973ರ ಜನವರಿಯದು. ಅದಕ್ಕೆ ಅವರಿಗೆ ಆಗ ಸಿಕ್ಕಿದ್ದು 30 ಪೌಂಡ್. ಸಹರಚನೆಯ ಹಕ್ಕಿಗಾಗಿ ಅವರು ಹೂಡಿದ ದಾವೆ 2005ರಲ್ಲಿ ರಾಜಿಯಾಯಿತು.

ಮೇಸನ್ ಅವರ ಪುಸ್ತಕದ ಬೆಲೆ ತಿಳಿಯುವುದು ಇಂಥ ಕಡೆಯಲ್ಲೇ. 'ಮನಿ' ಹಾಡಿನ ಆರಂಭದ ಸದ್ದುಗಳನ್ನು ಹೇಗೆ ಮಾಡಿದರೆಂದು ಅವರು ಹೇಳುತ್ತಾರೆ. ಹಳೆಯ ಪೆನ್ನಿ ನಾಣ್ಯಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿ ಅಲುಗಿಸಿದರು. ವಾಟರ್ಸ್ ತಮ್ಮ ಪತ್ನಿ ಮಡಕೆ ಮಾಡುವಾಗ ಬಳಸುತ್ತಿದ್ದ ಬೋಗುಣಿಯಲ್ಲಿ ನಾಣ್ಯಗಳನ್ನು ಸುತ್ತಾಡಿಸಿ ಮುದ್ರಿಸಿಕೊಂಡರು. ಜೊತೆಗೆ ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಸದ್ದು. ಪ್ರತಿ ಸದ್ದಿನ ಟೇಪನ್ನೂ ಅಡಿಪಟ್ಟಿಯಿಂದ ಅಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಉಂಗುರ ಮಾಡಿ ಯಂತ್ರದಲ್ಲಿ ತಿರುಗಲು ಬಿಟ್ಟರು. ಏಳು ತುಂಡು, ಏಳು ಎಣಿಕೆ. ಇದನ್ನು ಓದಿ ಮತ್ತೆ ಹಾಡು ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕಿದೆ. ಮಿಶ್ರ ಛಾಪು ಕೈಗೆ ಹತ್ತಿದವರಿಗೆ ಈ ಏಳರ ಎಣಿಕೆ ಸ್ವಲ್ಪವೂ ತೊಡಕಲ್ಲ. ಡಿಕ್ ಪ್ಯಾರಿ ಅವರ ಸ್ಯಾಕ್ಸೊಫೋನ್ ಏಳರಲ್ಲೇ ಹೋಗುತ್ತದೆ. ಗಿಲ್ಮೋರ್ ಅವರ ಗಿಟಾರ್ ಬಂದೊಡನೆ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ. ಅಲ್ಲಿ ಮೈ ಹಗುರಾಗುವುದು ಏಕೆಂದು ವರ್ಷಗಟ್ಟಲೆ ಕೇಳಿದರೂ ನನಗೆ ಗೊತ್ತಿರಲಿಲ್ಲ. ಕೈ ಎಣಿಸಿದಾಗ ಗೊತ್ತಾಯಿತು.

ಮುಂದಿನ ಎರಡು ಆಲ್ಬಮ್‌ಗಳ ಹಾಳೆಗಳನ್ನು ನಾನು ಅಕ್ಕಪಕ್ಕದಲ್ಲಿ ಇಡುತ್ತೇನೆ, ಏಕೆಂದರೆ ಅವು ಒಂದೇ ರಾಶಿಯಿಂದ ಹುಟ್ಟಿದವು. 1974ರಲ್ಲಿ ತಂಡ ವೇದಿಕೆಯ ಮೇಲೆ ಮೂರು ಹೊಸ ದೊಡ್ಡ ರಚನೆಗಳನ್ನು ನುಡಿಸುತ್ತಿತ್ತು: 'ಶೈನ್ ಆನ್ ಯು ಕ್ರೇಜಿ ಡೈಮಂಡ್', 'ರೇವಿಂಗ್ ಅಂಡ್ ಡ್ರೂಲಿಂಗ್', 'ಯು ಹ್ಯಾವ್ ಗಾಟ್ ಟು ಬಿ ಕ್ರೇಜಿ'. ಮೂರನ್ನೂ ಸೇರಿಸಿ ಆಲ್ಬಮ್ ಮಾಡಿ ಮುಗಿಸೋಣ ಎಂಬುದು ಗಿಲ್ಮೋರ್ ಅವರ ನಿಲುವು. ಬೇಡ, 'ಶೈನ್ ಆನ್' ಅನ್ನು ಎರಡಾಗಿ ಸೀಳಿ ಆದಿಗೂ ಅಂತ್ಯಕ್ಕೂ ಇಡೋಣ, ನಡುವೆ ಹೊಸ ಹಾಡುಗಳು ಬರಲಿ ಎಂದರು ವಾಟರ್ಸ್. ವಾಟರ್ಸ್ ಮಾತು ನಡೆಯಿತು. ಇಲ್ಲದವರನ್ನು ಕುರಿತ, ಇದ್ದೂ ಇಲ್ಲದಂತಿರುವವರನ್ನು ಕುರಿತ 'ವಿಶ್ ಯು ವರ್ ಹಿಯರ್' ಹುಟ್ಟಿದ್ದು ಹೀಗೆ, ಕೆಲಸದ ನಟ್ಟನಡುವೆ, ಒಂದು ವಾದದಿಂದ.

ಪಕ್ಕಕ್ಕಿಟ್ಟ ಎರಡು ರಚನೆಗಳು ಏನಾದವು? ಹೆಸರು ಬದಲಿಸಿ 'ಶೀಪ್' ಮತ್ತು 'ಡಾಗ್ಸ್' ಆಗಿ 1977ರ 'ಆನಿಮಲ್ಸ್' ಆಲ್ಬಮ್‌ಗೆ ಬಂದವು. 1974ರಲ್ಲಿ ಅವುಗಳಲ್ಲಿ ಪ್ರಾಣಿಗಳ ರೂಪಕದ ಯೋಜನೆಯೇ ಇರಲಿಲ್ಲ. ಮನುಷ್ಯರನ್ನು ನಾಯಿ, ಹಂದಿ, ಕುರಿಗಳಾಗಿ ವಿಂಗಡಿಸುವ ವಿಚಾರ ಆಮೇಲೆ ಬಂತು. ಬಂದು, ಇದ್ದ ಹಾಡುಗಳೆಲ್ಲ ಅದಕ್ಕಾಗಿಯೇ ಬರೆದವೇನೋ ಎನ್ನಿಸುವಂತೆ ಮಾಡಿತು. ಕುರಿಗಳ ಹಾಡನ್ನು ಕೇಳುತ್ತಾ ಇದರ ಮೊದಲ ರೂಪದಲ್ಲಿ ಕುರಿಯೇ ಇರಲಿಲ್ಲವೆಂದು ನೆನೆದರೆ, ಬರೆಯುವವರೆಲ್ಲ ಗಮನಿಸಬೇಕಾದ ಕೆಲಸ ಇದೆಂದು ನನಗೆ ಅನಿಸುತ್ತದೆ. ಈ ಆಲ್ಬಮ್‌ನ ಹೊದಿಕೆಗಾಗಿ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ತೇಲಿಸಿದ ಹಂದಿ ಬಲೂನು 1976ರ ಡಿಸೆಂಬರ್‌ನಲ್ಲಿ ಹಗ್ಗ ಕಿತ್ತುಕೊಂಡು ಕೆಂಟ್‌ನ ಹೊಲದಲ್ಲಿ ಇಳಿದ ಕಥೆಯನ್ನು ಎಲ್ಲ ಪುಸ್ತಕಗಳೂ ಉತ್ಸಾಹದಿಂದ ಹೇಳುತ್ತವೆ. ಹಾಡುಗಳ ಈ ರೂಪಾಂತರಕ್ಕೆ ಅಷ್ಟೇ ಜಾಗ ಕೊಡುವವರು ಕಡಿಮೆ.

1975ರ ಜೂನ್ 5ರಂದು, 'ವಿಶ್ ಯು ವರ್ ಹಿಯರ್' ಕೆಲಸ ನಡೆಯುತ್ತಿದ್ದಾಗ, ಬಹಳ ಹಿಂದೆಯೇ ತಂಡದಿಂದ ದೂರವಾಗಿದ್ದ ಸಿಡ್ ಬ್ಯಾರೆಟ್ ಸ್ಟುಡಿಯೊಗೆ ಬಂದ ಪ್ರಸಂಗವೂ ಹಾಗೆಯೇ ಎಲ್ಲ ಕಡೆ ಇದೆ. ತಲೆ ಬೋಳಿಸಿ, ಹುಬ್ಬು ಬೋಳಿಸಿ, ಮೈ ತುಂಬಿಕೊಂಡು ನಿಂತಿದ್ದ ಅವರನ್ನು ಹಳೆಯ ಗೆಳೆಯರೇ ಗುರುತಿಸಲಿಲ್ಲ. ಆ ದಿನದ ಚಿತ್ರ ಮೇಸನ್ ಅವರ ಪುಸ್ತಕದಲ್ಲಿದೆ. ಆದರೆ ಅವರು ಏನು ಮಾಡುತ್ತಿದ್ದರು, ಯಾರು ಮೊದಲು ಗುರುತಿಸಿದರು, ಗಿಲ್ಮೋರ್ ಅವರ ಮದುವೆಯ ಔತಣ ಅದೇ ದಿನವೇ ಎಂಬುದರಲ್ಲಿ ಒಬ್ಬರ ನೆನಪು ಇನ್ನೊಬ್ಬರಿಗೆ ಕೂಡುವುದಿಲ್ಲ. ನಾನು ಇವನ್ನೆಲ್ಲ ಬೇರೆ ಬೇರೆಯಾಗಿಯೇ ಬರೆದಿಟ್ಟಿದ್ದೇನೆ, ಒಂದಾಗಿಸಲು ಹೋಗಿಲ್ಲ. ಅಷ್ಟು ಸಂಕಟದ ಗಳಿಗೆಯನ್ನು ನಾಲ್ವರು ನಾಲ್ಕು ಬಗೆಯಾಗಿ ನೆನೆಯುವುದು ಸಹಜ.

'ದ ವಾಲ್' ನನ್ನ ಲೆಕ್ಕವನ್ನು ತಿರುಗಿಸುತ್ತದೆ. ಇಲ್ಲಿ ವಿಚಾರವೇ ಮೊದಲು. 1977ರ ಜುಲೈನಲ್ಲಿ ಮಾಂಟ್ರಿಯಲ್ ಕ್ರೀಡಾಂಗಣದಲ್ಲಿ ವಾಟರ್ಸ್ ಒಬ್ಬ ಅಭಿಮಾನಿಯ ಮೇಲೆ ಉಗುಳಿದರು. ತನಗೂ ಕೇಳುಗರಿಗೂ ನಡುವೆ ಗೋಡೆ ಎದ್ದಿದೆ ಎಂಬ ಅರಿವು ಅಲ್ಲಿಂದ ಬೆಳೆಯಿತು. ಮರುವರ್ಷ ಅವರು ಎರಡು ಪೂರ್ಣ ಕರಡುಗಳನ್ನು ತಂಡದ ಮುಂದಿಟ್ಟರು. ತಂಡ ಗೋಡೆಯನ್ನು ಆರಿಸಿಕೊಂಡಿತು. ಹೂಡಿಕೆ ಸಂಸ್ಥೆಯ ಕುಸಿತದಿಂದ ಹಣ ಕಳೆದುಕೊಂಡಿದ್ದ ತಂಡದವರಿಗೆ ಬೇಗ ಒಂದು ಆಲ್ಬಮ್ ಬೇಕಿತ್ತು. ನಿರ್ಮಾಪಕ ಬಾಬ್ ಎಜ್ರಿನ್ ಹಾಡುಗಳನ್ನು ನಾಟಕದ ಹಸ್ತಪ್ರತಿಯ ಹಾಗೆ ಬರೆದು ಕ್ರಮಕ್ಕೆ ತಂದರು. ಕೆಲಸದ ನಡುವೆಯೇ ರೈಟ್ ಅವರನ್ನು ತಂಡದಿಂದ ಹೊರಹಾಕಿದರು. ಆಮೇಲೆ ಅವರು ಸಂಬಳದ ವಾದಕರಾಗಿ ಅದೇ ಕಛೇರಿಗಳಲ್ಲಿ ನುಡಿಸಿದರು. ಆ ಪ್ರದರ್ಶನಗಳ ನಷ್ಟ ಉಳಿದ ಮೂವರ ಪಾಲಾಯಿತು, ಹಣ ಗಳಿಸಿದವರು ರೈಟ್ ಒಬ್ಬರೇ. 'ದ ವಾಲ್' ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಅದರಲ್ಲಿ ಕಥೆಯನ್ನು ಮುಂದಕ್ಕೆ ತಳ್ಳಲೆಂದೇ ಇರುವ ತುಣುಕುಗಳು ಬಹಳ. 'ವಿಶ್ ಯು ವರ್ ಹಿಯರ್'ನಲ್ಲಿ ಅಂಥ ಒಂದು ಕ್ಷಣವೂ ಇಲ್ಲ. ವಿಚಾರ ತಡವಾಗಿ ಬಂದಲ್ಲಿ ಸಂಗೀತಕ್ಕೆ ಉಸಿರಾಡಲು ಹೆಚ್ಚು ಜಾಗ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಗೆಳೆಯರೂ ಇದ್ದಾರೆ.

ಈಗ ತುಂಬುತ್ತಿರುವುದು 1983ರ 'ದ ಫೈನಲ್ ಕಟ್' ಹಾಳೆಗಳನ್ನು. ಇದನ್ನು ಮೊದಲು 'ದ ವಾಲ್' ಸಿನಿಮಾದ ಜೊತೆಗೆ ಉಳಿದ ಹಾಡುಗಳ ಸಂಗ್ರಹವಾಗಿ ತರುವ ಯೋಚನೆಯಿತ್ತು. 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ಫಾಕ್‌ಲ್ಯಾಂಡ್ ಯುದ್ಧ ನಡೆಯಿತು. 1944ರಲ್ಲಿ ಇಟಲಿಯ ಆನ್‌ಸಿಯೊದಲ್ಲಿ ತಂದೆಯನ್ನು ಕಳೆದುಕೊಂಡಿದ್ದ ವಾಟರ್ಸ್ ಆಲ್ಬಮ್ಮನ್ನು ಯುದ್ಧದ ಕಡೆಗೆ ತಿರುಗಿಸಿದರು. 'ದ ವಾಲ್'ಗೆ ಬೇಡವಾಗಿದ್ದ ಹಾಡುಗಳು ಈಗ ಹೇಗೆ ಬೇಕಾದವು ಎಂದು ಗಿಲ್ಮೋರ್ ಆಕ್ಷೇಪಿಸಿದರು. ಪುಸ್ತಕಗಳು ಈ ಆಕ್ಷೇಪವನ್ನು ಜಗಳದ ಇನ್ನೊಂದು ಮೆಟ್ಟಿಲಾಗಿ ನೋಡುತ್ತವೆ; ನನಗದು ಕಿವಿಯ ಪ್ರಶ್ನೆ. ಹಾಗಾಗಿ ಹಳೆಯ ಹಾಡುಗಳನ್ನು ಒಂದು ಕಡೆ, ಯುದ್ಧದ ಬೆನ್ನಿಗೆ ಬರೆದವನ್ನು ಇನ್ನೊಂದು ಕಡೆ ಇಟ್ಟು ಕೇಳುತ್ತಿದ್ದೇನೆ. 'ಯುವರ್ ಪಾಸಿಬಲ್ ಪಾಸ್ಟ್ಸ್' ವಿಷಯದಲ್ಲಿ ಗಿಲ್ಮೋರ್ ಹೇಳಿದ್ದು ಸರಿಯೆನಿಸುತ್ತದೆ. 'ದ ಗನ್ನರ್ಸ್ ಡ್ರೀಮ್' ಬಂದಾಗ ಆ ಆಕ್ಷೇಪ ನನ್ನಲ್ಲಿ ನಿಲ್ಲುವುದಿಲ್ಲ.