ಕಾಓರ್ ವೈನಿನ ಒಗರಿಗೆ ಬಾತುಕೋಳಿಯ ಜಿಡ್ಡು

ಫ್ರಾನ್ಸಿನ ತುಲೂಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬಾಟಲ್ ಕಾಓರ್ ತಂದಿದ್ದೆ. ಅವತ್ತು ಮನೆಯಲ್ಲಿ ಖಾರ ಖಾರವಾದ ಕೋಳಿ ಸಾರು. ಒಂದು ಗುಟುಕು ಕುಡಿದೆ. ಎಳೆ ಅಡಿಕೆ ಅಗಿದ ಹಾಗೆ ನಾಲಿಗೆ ಒಣಗಿತು, ಮೆಣಸಿನಕಾಯಿ ಉರಿ ಇನ್ನಷ್ಟು ಏರಿತು. ವೈನ್ ಕೆಟ್ಟಿರಬೇಕು ಎಂದುಕೊಂಡು ಉಳಿದದ್ದನ್ನು ಚೆಲ್ಲಿಬಿಟ್ಟೆ. ಈಗಲೂ ಅದಕ್ಕೆ ಬೇಜಾರಿದೆ. ವೈನ್ ಚೆನ್ನಾಗೇ ಇತ್ತು, ಜೊತೆಗಿದ್ದ ಊಟ ಹೊಂದಲಿಲ್ಲ ಅಷ್ಟೇ.

ಕಾಓರ್ ಊರು ತುಲೂಸ್‌ನ ಉತ್ತರಕ್ಕಿದೆ. ಲಾಟ್ ನದಿ ಅದನ್ನು ಮೂರು ಕಡೆ ಬಳಸಿ ಹರಿಯುತ್ತದೆ. ನದಿಯ ದಂಡೆಯಲ್ಲೂ ಮೇಲಿನ ಸುಣ್ಣಕಲ್ಲಿನ ನೆಲದಲ್ಲೂ ದ್ರಾಕ್ಷಿ ತೋಟಗಳು. ಈ ವೈನಿನ ಮುಖ್ಯ ದ್ರಾಕ್ಷಿ ಮಾಲ್ಬೆಕ್. ಮಾಲ್ಬೆಕ್ ಅಂದರೆ ಈಗ ಎಲ್ಲರಿಗೂ ಅರ್ಜೆಂಟೀನಾ ನೆನಪಾಗುತ್ತದೆ, ಆದರೆ ಆ ದ್ರಾಕ್ಷಿ ಅಲ್ಲಿಗೆ ಹೋದದ್ದು ಫ್ರಾನ್ಸಿನಿಂದ. ಕಾಓರ್ ಎಂದು ಹೆಸರಿಡಲು ಕನಿಷ್ಠ 70% ಮಾಲ್ಬೆಕ್ ಇರಬೇಕು. ಉಳಿದದ್ದು ಮೆರ್ಲೋ, ತನ್ನಾ ದ್ರಾಕ್ಷಿಗಳು. 1956ರ ಫೆಬ್ರವರಿಯ ಹಿಮಕ್ಕೆ ಇಲ್ಲಿನ ಬಳ್ಳಿಗಳು ಹೆಚ್ಚೂಕಮ್ಮಿ ಎಲ್ಲ ಸತ್ತಿದ್ದವು. ಮತ್ತೆ ನೆಟ್ಟು ಬೆಳೆಸಿದರು. 1971ರಲ್ಲಿ ಕಾಓರ್ ಎಂಬ ಹೆಸರಿಗೆ ಸರ್ಕಾರದ ಮಾನ್ಯತೆಯೂ ಸಿಕ್ಕಿತು.

ಬಣ್ಣ ನೋಡಿದರೆ ನೇರಳೆ ಹಣ್ಣೇ. ಒಗರೂ ಹಾಗೇ. ನಮ್ಮಮ್ಮ ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ನೆನೆಸುತ್ತಿದ್ದರು, ಒಗರು ಹೋಗಲಿ ಅಂತ. ವೈನಿನಲ್ಲೂ ಅದೇ ಕತೆ. ಒಗರು ಕೊಡುವ ಟ್ಯಾನಿನ್ ಎಂಬ ಅಂಶ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಜಿಡ್ಡು, ಮಾಂಸ, ಉಪ್ಪು ಇದ್ದರೆ ಆ ಒಗರು ಮೆತ್ತಗಾಗುತ್ತದೆ.

ಇದನ್ನು ನಾಲಿಗೆಗೆ ತೋರಿಸಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಬಾತುಕೋಳಿಯ ಕಾನ್ಫಿ, ಅಂದರೆ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ ಮಾಂಸ, ಮಾಡುವುದನ್ನು ಅವರ ಹತ್ತಿರವೇ ಕಲಿತೆ. ನಾಲ್ಕು ಕಾಲುಗಳಿಗೆ ಕಲ್ಲುಪ್ಪು, ಜಜ್ಜಿದ ಬೆಳ್ಳುಳ್ಳಿ, ಥೈಮ್ ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಉಪ್ಪು ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಆಮೇಲೆ ಬಾತುಕೋಳಿಯದೇ ಕೊಬ್ಬಿನಲ್ಲಿ ಪೂರ್ತಿ ಮುಳುಗಿಸಿ, ಓವನ್‌ನಲ್ಲಿ 110 ಡಿಗ್ರಿಗೆ ಮೂರು ಗಂಟೆ. ಎಲುಬಿನಿಂದ ಮಾಂಸ ತಾನಾಗೇ ಬಿಡಬೇಕು, ಇಲ್ಲದಿದ್ದರೆ ಇನ್ನರ್ಧ ಗಂಟೆ. ಬಡಿಸುವ ಮುಂಚೆ ಬಾಣಲೆಯಲ್ಲಿ ಚರ್ಮ ಕೆಳಗೆ ಮಾಡಿ ಗರಿಗರಿ ಮಾಡುತ್ತೇನೆ. ಅದೇ ಕೊಬ್ಬಿನಲ್ಲಿ ಆಲೂಗಡ್ಡೆ ಬಿಲ್ಲೆಗಳು, ಕೊನೆಗೆ ಬೆಳ್ಳುಳ್ಳಿ. ಇದರ ಜೊತೆ ಕಾಓರ್ ಕುಡಿದಾಗ ಒಗರಿನ ಹಿಂದೆ ಅಡಗಿದ್ದ ಹಣ್ಣಿನ ರುಚಿ ಮುಂದೆ ಬರುತ್ತದೆ. ಮೊದಲ ಸಲ ನನಗೆ ನಂಬಿಕೆಯೇ ಬರಲಿಲ್ಲ.

ಹೆಚ್ಚು ವರ್ಷ ಹಳೆಯದಾಗದ ವೈನ್ ಆದರೆ ಒಂದು ಗಂಟೆ ಮುಂಚೆ ಜಗ್‌ಗೆ ಸುರಿದು ಗಾಳಿಯಾಡಲು ಬಿಡುತ್ತೇನೆ. ವೈನ್ 16–18 ಡಿಗ್ರಿ ಇದ್ದರೆ ಸರಿ. ಇಲ್ಲಿನ ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಫ್ರಿಜ್‌ಗೆ ಹೋಗಲೇಬೇಕು.

ನಮ್ಮ ಅಡುಗೆಯೂ ಹೊಂದುತ್ತದೆ, ಆದರೆ ಒಣಮೆಣಸಿನಕಾಯಿ ಕೈಬಿಡಬೇಕು. ಕರಿಮೆಣಸು ಹಾಕಿ ನಿಧಾನವಾಗಿ ಬೇಯಿಸಿದ ಕುರಿ ಮಾಂಸ ತುಂಬಾ ಚೆನ್ನಾಗಿರುತ್ತದೆ. ಮಾಂಸ ತಿನ್ನದ ಗೆಳೆಯರು ಬಂದರೆ ಬೆಣ್ಣೆಯಲ್ಲಿ ಹುರಿದ ಅಣಬೆ ಮತ್ತು ಕಾಂತಾಲ್‌ನಂಥ ಗಟ್ಟಿ ಚೀಸ್ ಇಡುತ್ತೇನೆ. ಆ ಸೀಮೆಯದೇ ರೊಕಮಾದೂರ್ ಮೇಕೆ ಚೀಸ್ ಅನ್ನೂ ಜನ ಇದರ ಜೊತೆ ತಿನ್ನುತ್ತಾರೆ. ನನಗೆ ಅದು ಬಿಳಿ ವೈನಿಗೇ ಇಷ್ಟ.

ಅಜ್ಜಿಯ ಮನೆಯಲ್ಲಿ ಇನ್ನೊಂದು ರೂಢಿ ಇದೆ. ಸೂಪ್ ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಾಗ ಅದಕ್ಕೆ ವೈನ್ ಸುರಿದು, ಅಲ್ಲಾಡಿಸಿ, ಬಟ್ಟಲನ್ನೇ ಎತ್ತಿ ಕುಡಿಯುತ್ತಾರೆ. ಶಬ್ರೋ ಅನ್ನುತ್ತಾರೆ ಇದಕ್ಕೆ. ಬಿಸಿ ಸೂಪಿನ ಜಿಡ್ಡಿನಲ್ಲಿ ಬೆರೆತ ಕಾಓರ್‌ಗೆ ಒಗರೇ ಇರುವುದಿಲ್ಲ.